ಬಣ್ಣ ಹಚ್ಚದ ವಿಡಿಯೊ

ವಾಣಿಶ್ರೀ ಆ ಬೆಳಿಗ್ಗೆ ಕ್ಯಾಮೆರಾಮನ್ ಬೈರೇಶನನ್ನು ನೋಡಿದ ನೋಟಕ್ಕೆ ದೇವನಹಳ್ಳಿಯ ಮೇಲೆ ಹಾರುತ್ತಿದ್ದ ವಿಮಾನಗಳೆಲ್ಲ ದಿಕ್ಕು ಬದಲಿಸಿದವು. ಸುಳ್ಳಾದರೆ ಪೈಲಟ್‌ಗಳನ್ನೇ ಕೇಳಿ.

"ಏನ್ರೀ ಇದು? ನೇರಳೆ ಹಣ್ಣಿನ ಬಣ್ಣದ ಸೀರೆ, ಬೂದಿ ಬಳಿದಂಗೆ ಕಾಣ್ತಿದೆ."

ಛತ್ರದ ಟಿವಿಯಲ್ಲಿ, ಪರೀಕ್ಷೆಗೆಂದು ತೆಗೆದ ತುಣುಕು ಓಡುತ್ತಿತ್ತು. ನಿಶ್ಚಿತಾರ್ಥದ ಹೆಣ್ಣು ವಾಣಿಶ್ರೀಯ ಅಕ್ಕ ರೂಪ. ಅವಳ ಮುಖ, ಸೀರೆ, ಜರಿ ಎಲ್ಲವೂ ಮಂಕು ಮಂಕು...

"ಇದು ಲಾಗ್ ಗಾಮಾ ಕಣ್ರೀ, ಮಂಕಾಗಿ ತೆಗೆಯೋ ಕ್ರಮ. ಆಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ ಕೂರಿಸ್ತೀನಿ. ಹದಿನೈದು ದಿನ ಸಾಕು."

"ಹದಿನೈದು ದಿನ? ಮಧ್ಯಾಹ್ನ ಊಟದ ಹೊತ್ತಿಗೆ ಅಜ್ಜಿ ನೋಡ್ಬೇಕು!"

ಅಜ್ಜಿ ಅಮ್ಮಯಮ್ಮ ಪಕ್ಕದ ವಿಜಯಪುರದ ಮನೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದರು. ಆ ಸೀರೆಗೆ ರೇಷ್ಮೆಗೂಡಿನಿಂದ ನೂಲು ಬಿಚ್ಚಿದ್ದು ಅವರ ಕೈ, ಬಣ್ಣ ಆರಿಸಿದ್ದು ಅವರ ಕಣ್ಣು. ದೊಡ್ಡಬಳ್ಳಾಪುರದ ಮಗ್ಗದಿಂದ ಸೀರೆ ಬೆಳಿಗ್ಗೆಯಷ್ಟೇ ನೇರ ಛತ್ರಕ್ಕೆ ಬಂದಿತ್ತು. ಅಜ್ಜಿ ಇನ್ನೂ ನೋಡಿರಲಿಲ್ಲ.

'ಇವನು ನಮ್ಮನ್ನ ಯಾಮಾರಿಸ್ತಿದಾನಾ...?' ಸಿಟ್ಟಿನ ಒಳಗಿಂದಲೇ ಕುತೂಹಲ ಇಣುಕಿತು.

"ಬೇಕಂತಲೇ ಮಂಕಾಗಿ ಯಾಕೆ ತೆಗೀತೀರಿ?"

"ಬಿಳಿ ಕಡೇನೂ ಕಪ್ಪು ಕಡೇನೂ ವಿವರ ಉಳೀಲಿ ಅಂತ. ಬಣ್ಣ ಆಮೇಲೆ ನಮ್ಮಿಷ್ಟ."

"ಅಂದ್ರೆ, ಬಣ್ಣಕ್ಕೆ ಅದ್ದದ ರೇಷ್ಮೆ."

ಬೈರೇಶ ಬಾಯಿ ತೆರೆದು ನಿಂತ. ಏಳು ವರ್ಷದಲ್ಲಿ ಏಳು ಸಾವಿರ ಮದುವೆ ತೆಗೆದವನು (ಒಂದೂ ಕಡಿಮೆಯಿಲ್ಲ!). ಇಷ್ಟು ಸಲೀಸಾಗಿ ಅವನಿಗೇ ಹೇಳಲು ಬಂದಿರಲಿಲ್ಲ.

"ನಮಗೆ ಅದ್ದಿರೋದೇ ಬೇಕು," ಎಂದಳು.

ಬೈರೇಶ ಸಾಧಾರಣ ಗಾಮಾಕ್ಕೆ ಬದಲಿಸಿ ಇನ್ನೊಂದು ತುಣುಕು ತೆಗೆದ. ಈಗ ಬಣ್ಣ ಬಂತು. ಆದರೆ ಜರಿ ಟ್ಯೂಬ್‌ಲೈಟಾಯಿತು, ಮುಖ ಸುಣ್ಣದ ಗೋಡೆಯಾಯಿತು.

ವಾಣಿಶ್ರೀ ಕ್ಯಾಮೆರಾದ ಪರದೆಗೆ ಬಗ್ಗಿದಳು. "ಜರಿ ಮೇಲೆ ಇದೇನು, ಹುಲಿ ಪಟ್ಟೆ?"

"ಜೀಬ್ರಾ ಅಂತೀವಿ. ಪಟ್ಟೆ ಬಂದ ಕಡೆ ಬೆಳಕು ಮಿತಿ ಮೀರಿದೆ ಅಂತ."

"ಮೀರೋಕೆ ಯಾಕೆ ಬಿಟ್ರಿ?"

ಬೈರೇಶ ನಾಲಿಗೆ ಕಚ್ಚಿಕೊಂಡ. ಲಾಗ್‌ನಲ್ಲಿ ತೆಗೆಯುವಾಗ ಬೆಳಕನ್ನು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಹೆಚ್ಚಿಗೆ ಬಿಡುವುದು ಅವನ ಕೈಗಂಟಿದ ಅಭ್ಯಾಸ. ಗಾಮಾ ಬದಲಾಗಿತ್ತು, ಕೈ ಬದಲಾಗಿರಲಿಲ್ಲ.

ಬೆಳಕು ಇಳಿಸಿದ. ಜರಿಯ ಎಳೆಎಳೆ ಕಂಡಿತು, ಆದರೆ ರೂಪಳ ಮುಖ ಕತ್ತಲಾಯಿತು. ಕಿಟಕಿಯ ಬಿಸಿಲು ನೇರ ಸೀರೆಯ ಮೇಲೇ ಬೀಳುತ್ತಿತ್ತು.

"ಜರಿ ಉಳಿಸ್ಲಾ, ಮುಖ ಉಳಿಸ್ಲಾ? ಇವತ್ತು ಆಮೇಲೆ ಸರಿಮಾಡೋದು ಅನ್ನೋದೇ ಇಲ್ಲ."

"ಎರಡೂ ಉಳಿಸಿ."

ವಾಣಿಶ್ರೀ ಗಂಡಿಗೆಂದು ತಟ್ಟೆಯಲ್ಲಿಟ್ಟಿದ್ದ ಹೊಸ ಬಿಳಿ ಪಂಚೆಯನ್ನು ಎತ್ತಿಕೊಂಡು ಕಿಟಕಿಗೆ ಅಡ್ಡ ಹಿಡಿದಳು. ಬಿಸಿಲು ಹಾಲಿನಂತೆ ಸೋಸಿ ಬಂತು. ಅವನು ಬೆಳಕು ಒಂದಿಷ್ಟು ಏರಿಸಿದ. ಮುಖ ಬೆಳಗಿತು, ಪಟ್ಟೆ ಬರಲಿಲ್ಲ.

ಶಾಸ್ತ್ರ ಮುಗಿಯುವವರೆಗೆ ಅವಳು ಕೈ ಇಳಿಸಲಿಲ್ಲ. ಬೆಟ್ಟ ಹೊತ್ತವರೂ ಅಷ್ಟು ಹೊತ್ತು ನಿಂತಿಲ್ಲ!

ಚಿಕ್ಕಪ್ಪ ಕಾಂತರಾಜು ಪೆನ್‌ಡ್ರೈವ್ ಹಿಡಿದು ವಿಜಯಪುರಕ್ಕೆ ಹೋದರು. ಇಲ್ಲಿ ವಾಣಿಶ್ರೀಯ ಎಲೆಯಲ್ಲಿ ಅನ್ನ ಆರಿತು. ಬೈರೇಶನೂ ತುತ್ತು ಎತ್ತಲಿಲ್ಲ.

ಫೋನ್ ಬಂತು. ಸ್ಪೀಕರ್‌ಗೆ ಹಾಕಿದಳು.

"ನಾನೇಳಿದ್ದೇ ಬಣ್ಣ ಕಣವ್ವಾ..." ಅಜ್ಜಿಯ ದನಿ. "ಕಣ್ತುಂಬ್ತು."

ವಾಣಿಶ್ರೀಯ ಕಣ್ಣೂ ತುಂಬಿತು.

"ಅದ್ಸರಿ, ಮದಲಿಂಗಿತ್ತೀನ ಬಿಟ್ಟು ಪಂಚೆ ಹಿಡ್ಕಂಡಿರೋ ನಿನ್ನೇ ತೋರಿಸ್ತಾವ್ನಲ್ಲ, ಯಾರೇ ಅವ್ನು?"

ಇಡೀ ಪಂಕ್ತಿ ಬೈರೇಶನತ್ತ ತಿರುಗಿತು. ಬೇರೆ ದಿನವಾಗಿದ್ದರೆ ಆ ತುಣುಕುಗಳನ್ನು ಕತ್ತರಿಸಿ ಎಸೆಯುತ್ತಿದ್ದ. ಇವತ್ತು ತೆಗೆದದ್ದು ತೆಗೆದ ಹಾಗೇ ಹೋಗಿತ್ತು.

ಆಮೇಲೆ, ವೈರ್ ಸುತ್ತುತ್ತಿದ್ದವನ ಎದುರು ಅವಳು ನಿಂತಳು. "ಅಜ್ಜಿಗೆ ಉತ್ತರ ಕೊಡ್ಲಿಲ್ಲ ನೀವು."

"ಜಡಿಗೇನಹಳ್ಳಿಯಿಂದ ನಮ್ಮಪ್ಪ, ಅಮ್ಮನ್ನ ಕರ್ಕೊಂಡು ಬಂದು ಹೇಳೋಣ ಅಂತ... ನೀವು ಒಪ್ಪಿದ್ರೆ."

ಅವಳು ಸೆರಗಿನ ಅಂಚು ನೋಡಿದಳು. "ಇನ್ಮೇಲೆ ಕದ್ದು ತೆಗೀಬೇಡಿ. ಕೇಳಿ ತೆಗೀರಿ."

"ಕೇಳಿದ್ರೆ?"

"ನಿಂತ್ಕೊತೀನಿ."