ಮುಂದಿನ ಟರ್ಮಿಗೆ ಮೇಡಂ ಬೇಡ

"ಮೇಡಂ, ಲೆನ್ಸ್ ನೋಡಿ. ನನ್ನನ್ನಲ್ಲ."

ರಾಜಶ್ರೀಯ ಕಿವಿ ಬೆಚ್ಚಗಾಯಿತು. "ನೀವ ಅದರ ಹಿಂದ ನಿಂತ್ರ ನಾ ಎಲ್ಲಿ ನೋಡ್ಲಿರಿ?"

ಕ್ಯಾಮೆರಾದ ಮರೆಯಿಂದ ಸುಶ್ರುತನ ಒಂದು ಕಣ್ಣಷ್ಟೇ ಇಣುಕಿತು. ಆ ಕಣ್ಣು ನಗುತ್ತಿತ್ತು. "ಹಾಗಾದ್ರೆ ನನ್ನನ್ನೇ ನೋಡ್ಕೊಂಡು ಪಾಠ ಮಾಡಿ. ಸ್ಟೂಡೆಂಟ್ಸ್‌ಗೇನು ಗೊತ್ತಾಗುತ್ತೆ?"

ಅದು ಅವರ ಮೊದಲ ಭೇಟಿ. 2007ನೇ ಇಸವಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಪುಟ್ಟ ಸ್ಟುಡಿಯೋ. ಅಲ್ಲಿಂದ ಮೂರು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇಂಟರ್ನೆಟ್ಟಿನಲ್ಲಿ ಸುಸ್ಥಿರ ಅಭಿವೃದ್ಧಿಯ ಪಾಠ ನಡೆಯುತ್ತಿತ್ತು. ಬಾಗಲಕೋಟೆಯಿಂದ ಬಂದು ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದ ರಾಜಶ್ರೀ ಪಾಠ ಹೇಳುವವಳು. ಜಯನಗರದಲ್ಲೇ ಹುಟ್ಟಿ ಬೆಳೆದ ಸುಶ್ರುತ ಕೋರ್ಸು ನೋಡಿಕೊಳ್ಳುವವನು.

ಕೆರೆ, ಕಾಡು, ಕಸ, ಕರೆಂಟು, ಏನೇ ಹೇಳಿದರೂ ಅವಳು ಊರಿನ ಉದಾಹರಣೆ ಕೊಡುತ್ತಿದ್ದಳು. ರಾಯಚೂರಿನಲ್ಲಿ ಕೂತು ಪಾಠ ಕೇಳುವ ಹುಡುಗರು ಚಾಟ್‌ನಲ್ಲಿ ಪ್ರಶ್ನೆಗಳ ಸುರಿಮಳೆಗರೆಯುತ್ತಿದ್ದರು. ಅಷ್ಟರಲ್ಲಿ ನೆಟ್ ಕೈಕೊಟ್ಟು, ಬಾಯಿ ತೆರೆದ ಅವಳ ಮುಖ ಪರದೆಯ ಮೇಲೆ ಹಾಗೇ ನಿಂತುಬಿಡುತ್ತಿತ್ತು.

"ಫ್ರೀಜ್ ಆದಾಗಲೂ ಚೆನ್ನಾಗೇ ಕಾಣ್ತೀರ," ಎನ್ನುತ್ತಿದ್ದ ಸುಶ್ರುತ.

ಒಂದು ದಿನ ಅವನೇ ಹೇಳಿದ. "ಎಲ್ಲಾ ಪಾಠನೂ ರೆಕಾರ್ಡ್ ಮಾಡಿಬಿಡೋಣ. ನೆಟ್ ಹೋದ್ರೂ ಕ್ಲಾಸ್ ನಿಲ್ಲಲ್ಲ."

ಆಮೇಲೆ ಶನಿವಾರಗಳೆಲ್ಲ ಅವರಿಬ್ಬರದೇ ಆದವು. ರೆಕಾರ್ಡಿಂಗ್ ಮುಗಿದರೆ ಬೈಟು ಕಾಫಿ, ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿಗೆ ಒಂದು ಸುತ್ತು. ರಸ್ತೆ ದಾಟುವಾಗ ಹಿಡಿದ ಕೈಯನ್ನು ಅವನು ದಾಟಿದ ಮೇಲೂ ಬಿಡಲಿಲ್ಲ. 'ಮೇಡಂ' ಹೋಗಿ 'ರಾಜಿ' ಬಂತು. ಬಾಯಿಬಿಟ್ಟು ಅವನೊಂದು ಮಾತು ಹೇಳಲೆಂದು ಅವಳು ಕಾದಳು.

ಕೊನೆಯ ಪಾಠ ಮುಗಿದ ದಿನ ಕೋರ್ಸು ನಡೆಸುವ ಸಂಸ್ಥೆಯ ಡೈರೆಕ್ಟರ್ ಅನಂತರಾಮು ಸ್ಟುಡಿಯೋಗೆ ಬಂದರು. "ತುಂಬಾ ಚೆನ್ನಾಗಿ ಬಂದಿದೆಯಮ್ಮ. ಮುಂದಿನ ಟರ್ಮಿಂದ ಲೈವ್ ಕ್ಲಾಸ್ ಬೇಡ, ಇದನ್ನೇ ಹಾಕ್ತೀವಿ. ಪ್ರಶ್ನೆಗಳಿಗೆ ಸುಶ್ರುತನೇ ಉತ್ತರ ಬರೀತಾನೆ. ನೀವು ಬೇರೆ ಕಡೆ ನೋಡ್ಕೋಬೇಕಾಗುತ್ತೆ. ಎಲ್ಲಾ ಇವನದೇ ಪ್ಲಾನು. ಹೇಳಿರ್ಬೇಕಲ್ಲ ನಿಮಗೆ?"

ಸುಶ್ರುತ ವೈರು ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

"ಹೇಳ್ಯಾರ್ರಿ ಸರ್," ಎಂದಳು ರಾಜಶ್ರೀ. ಅವನ ಮರ್ಯಾದೆ ಉಳಿಸಲು ತಾನು ಸುಳ್ಳಾಡಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಮೆಟ್ಟಿಲ ಮೇಲೆ ಅವನನ್ನು ತಡೆದು ಕೇಳಿದಳು. "ಯಾವಾಗಿಂದ ಗೊತ್ತಿತ್ರಿ ನಿಮಗ?"

"ಮೊದಲಿಂದಲೂ. ಹೇಳಿದ್ರೆ ನೀನು ರೆಕಾರ್ಡಿಂಗ್‌ಗೆ ಬರ್ತಿರ್ಲಿಲ್ಲ ರಾಜಿ. ಖರ್ಚು ಕಮ್ಮಿ ಮಾಡ್ದೇ ಇದ್ದಿದ್ರೆ ಕೋರ್ಸೇ ನಿಂತುಹೋಗ್ತಿತ್ತು."

"ಕೈ ಹಿಡಿದದ್ದೂ ಕೋರ್ಸಿಗೇನ್ರಿ?"

"ಛೆ! ನಿನ್ನನ್ನ ನಿಜವಾಗ್ಲೂ ಪ್ರೀತಿಸ್ತೀನಿ ಕಣೇ."

ಇಷ್ಟು ದಿನ ಕಾದ ಮಾತು. ಅಷ್ಟು ಸಿಟ್ಟಿನಲ್ಲೂ ಅವಳ ಎದೆ ನಾಚಿಕೆಯಿಲ್ಲದೆ ಅರಳಿತು. "ಹಂಗಾದ್ರ ಮನ್ಯಾಗ ಹೇಳ್ರಿ."

ಅವನು ಉಗುರು ನೋಡಿಕೊಂಡ. "ಅಮ್ಮನ ಹತ್ರ ನೀನು ಲೆಕ್ಚರರ್ ಅಂತ ಹೇಳಿದ್ದೆ. ಆ ಕಡೆಯವಳಾದ್ರೂ ಪರವಾಗಿಲ್ಲ, ಒಳ್ಳೆ ಕೆಲಸ ಇದೆಯಲ್ಲ ಅಂತಿದ್ರು. ಈಗ ಕೆಲಸ ಇಲ್ಲ ಅಂದ್ರೆ ಹೇಗೆ ಒಪ್ಪಿಸ್ಲಿ? ಒಂದು ವರ್ಷ ಟೈಮ್ ಕೊಡು. ಬೇರೆ ಕೆಲಸ ಹುಡುಕ್ಕೋ. ಆಮೇಲೆ ಮಾತಾಡೋಣ."

ಅವನು ತಮಾಷೆ ಮಾಡುತ್ತಿದ್ದಾನೇನೋ ಎಂದು ರಾಜಶ್ರೀ ಅವನ ಮುಖವನ್ನೇ ನೋಡಿದಳು. ಇಲ್ಲ. ತನ್ನ ಬಾಯಿಂದ ಬಂದದ್ದು ಏನೆಂದು ಅವನಿಗೆ ತಿಳಿದೇ ಇರಲಿಲ್ಲ. ಅವಳಿಗಾಗಿ ಮರುಗುತ್ತಲೂ ಇದ್ದ.

"ಕೆಲಸ ನಾ ಹುಡುಕ್ಕೋತೀನ್ರಿ," ಎಂದಳು. "ನೀವು ನನ್ನ ಹುಡುಕಬ್ಯಾಡ್ರಿ."

ಅವಳು ನಿಲ್ಲದೆ ಇಳಿದು ಹೋದಳು.

ಬಿಟಿಎಂ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಅವನದೇ ಹೆಸರು. ಎತ್ತಲಿಲ್ಲ. ಸದ್ದು ನಿಲ್ಲುವವರೆಗೂ ಅದನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದು ಕೂತಳು. ಗೆದ್ದೆ ಎನಿಸಿತು.

ಮುಂದಿನ ಸ್ಟಾಪಿನ ಹೊತ್ತಿಗೆ ಮುಷ್ಟಿ ಬಿಚ್ಚಿ ನೋಡಿದಳು. ಇನ್ನೊಮ್ಮೆ ಫೋನ್ ಮಾಡಿಯಾನು ಎಂದುಕೊಂಡಳು. ತನ್ನ ಸ್ಟಾಪಿನಲ್ಲಿ ಇಳಿಯದೆ ಕೂತೇ ಇದ್ದಳು.

ಅವನು ಮಾಡಲಿಲ್ಲ.