ಪಕ್ಕದ ಬಳ್ಳಿಯ ಪರಾಗ

"ಏ ಹುಲಿಗೆಪ್ಪ, ಆ ಚೀಲಕ್ಕ ಯಾಕ ಕೈ ಹಾಕಿದಿ?"

ನನ್ನ ದನಿಗೆ ಅವನ ಕೈಯಲ್ಲಿದ್ದ ಬ್ರಷ್ ಕೆಳಗೆ ಬಿತ್ತು. ನನ್ನ ಬಾಯಿಯೇ ಅಂಥದ್ದು. ಗೋವಾದ ಫಾತೋರ್ಡಾದ ನಮ್ಮ ಚಾಳಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಮಡಗಾಂವ್ ಆಚೆಯ ಸಂಶೋಧನಾ ತೋಟದಲ್ಲಿ ಪ್ಯಾಶನ್ ಫ್ರೂಟ್ ಬಳ್ಳಿ ನೋಡಿಕೊಳ್ಳುವವರು ನಾವಿಬ್ಬರೇ. ಈ ಹೂವಿಗೆ ಬೇರೆ ಬಳ್ಳಿಯ ಪರಾಗ ಬೇಕು. ತನ್ನದರಿಂದ ಕಾಯಿ ಕಟ್ಟುವ ಬಳ್ಳಿ ಅಪರೂಪ. ಅಂಥದ್ದನ್ನು ಸಸಿಯಲ್ಲೇ, ಎಲೆಯ ಡಿಎನ್‌ಎ ಗುರುತಿನಿಂದ ಹಿಡಿಯಬಹುದೇ ಎಂಬುದು ತೋಟದ ವಿಜ್ಞಾನಿ ಫಿರ್ದೋಸ ಮೇಡಂ ಪರೀಕ್ಷೆ. ಗುರುತು ಸಿಕ್ಕ ಬಳ್ಳಿಯ ಹೂವಿಗೆ ಅದರದ್ದೇ ಪರಾಗ ಸವರಿ, ಬೇರೆಯದು ತಾಗದಂತೆ ಚೀಲ ಕಟ್ಟುತ್ತೇವೆ. ಕಾಯಿ ನಿಂತರೆ ಗುರುತು ನಿಜ.

ಮೂಲೆಯ ಬಳ್ಳಿಯನ್ನು ಸಸಿಯಿಂದ ಸಾಕಿದವಳು ನಾನು. ಗುರುತಿತ್ತು, ಕಾಯಿ ನಿಲ್ಲುತ್ತಿರಲಿಲ್ಲ. ಈ ಸಲವೂ ಉದುರಿದರೆ ಕಿತ್ತುಹಾಕುತ್ತಾರೆಂದು ಊಟದ ಹೊತ್ತಿಗೆ ಅವನೆದುರು ಗೊಣಗಿದ್ದೆ. ಅವನು ಈಗ ಕೈ ಹಾಕಿದ್ದು ಅದೇ ಬಳ್ಳಿಯ ಚೀಲಕ್ಕೆ.

"ಪಕ್ಕದ ಬಳ್ಳಿ ಪರಾಗ ಹಚ್ಚಿದೇನು?"

"ಒಂದಾ ಹೂವಿಗೆ ರೀ ಸುಂದರವ್ವ. ನಿಮ್ಮ ಮಾರಿ ಸಪ್ಪಗಾಗಿತ್ತು."

"ನನ್ನ ಮಾರಿ ಸಲುವಾಗಿ ಸುಳ್ಳ ಕಾಯಿ ಹಿಡಸ್ತೀ? ನಾಳೆ ಇದನ್ನ ನಂಬಿ ರೈತ ಬಳ್ಳಿ ಹಚ್ಚಿದ್ರ ಅವನ ಬಾಯಾಗ ಮಣ್ಣ!"

"ಬೈರಿ. ಸಿಟ್ಟಿನಾಗ ನಿಮ್ಮ ಮೂಗು ಭಾಳ ಚಂದ ಕಾಣತೈತಿ."

ಕೈಯಲ್ಲಿದ್ದ ಚೀಲಗಳನ್ನು ಅವನ ಮೇಲೆ ಎಸೆದೆ.

ದೀಪಾವಳಿಯಲ್ಲಿ ಅವನು ಉಡಿಕೆಯ ಮಾತೆತ್ತಿದ್ದ. ವಿಧವೆಗೆ ಸೀರೆ ಉಡಿಸಿ ಮದುವೆಯಾಗುವುದು ನಮ್ಮ ಕಡೆಯ ಪದ್ಧತಿ. ನಾನಿನ್ನೂ ಹೂಂ ಅಂದಿರಲಿಲ್ಲ. ಸತ್ತ ಗಂಡ ಬದುಕಿದ್ದಾಗ ಬಾಯಿ ತೆರೆದರೆ ಸುಳ್ಳು. ಇನ್ನೊಬ್ಬ ಸುಳ್ಳುಗಾರನ ಜೊತೆ ಬಾಳುವ ಶಕ್ತಿ ನನಗಿರಲಿಲ್ಲ. ಆದರೂ ಇವನು ನಕ್ಕರೆ ಕೈಯಲ್ಲಿನ ಕೆಲಸ ಮರೆಯುತ್ತಿದ್ದೆ.

"ಮೇಡಮ್ಮಗ ಹೇಳಿದ್ರ ನನ್ನ ಕೆಲಸ ಹೋಗತೈತಿ," ಅಂದ ಮೆಲ್ಲಗೆ.

"ಹೇಳದಿದ್ರ ನಾ ನಿನ್ನ ಕೈಬಿಟ್ಟ ಹೋಗತೀನಿ."

ಅವನು ಬಿದ್ದ ಬ್ರಷ್ ಎತ್ತಿ ನನ್ನ ಕೈಗಿಟ್ಟ. ಆಮೇಲೆ ಹೂವನ್ನು ಚೀಲಸಮೇತ ಚಿವುಟಿಕೊಂಡು ನೆಟ್ಟಗೆ ಲ್ಯಾಬಿಗೆ ನಡೆದ. ನಾನು ಕಿಟಕಿಯ ಕೆಳಗೆ ಕಿವಿಗೊಟ್ಟು ನಿಂತೆ.

"ತಪ್ಪ ನಂದ್ರಿ ಮೇಡಂ. ಈ ಹೂವ ಲೆಕ್ಕಕ್ಕ ಹಿಡೀಬ್ಯಾಡ್ರಿ."

ನನ್ನ ಹೆಸರೇ ಎತ್ತಲಿಲ್ಲ. ಮೇಡಂ ಚೆನ್ನಾಗಿ ಬೈದರು. ಕೆಲಸ ಉಳಿಯಿತು, ಆದರೆ ಬಳ್ಳಿಯ ಹತ್ತಿರ ಸುಳಿಯುವಂತಿಲ್ಲ, ಇನ್ನು ಮೇಲೆ ಗೊಬ್ಬರದ ಗುಂಡಿ.

ಹೊರಗೆ ಬಂದವನು ತಲೆ ಎತ್ತಲಿಲ್ಲ. "ನಿಮ್ಮ ಬಳ್ಳಿ ಉಳಸಾಕ ಆಗಲಿಲ್ರಿ."

"ಅದು ಹೋಗ್ಲಿ. ಸೀರಿ ಯಾವಾಗ ತಗೋಳೂದು?"

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿವಿತನಕ ನಗು.

"ಇವತ್ತ ಸಂಜೀಕ ತರ್ತೀನಿ!"

"ನಾನೂ ಬರ್ತೀನಿ. ನೀ ಆರಿಸೂದರಾಗ ನಂಗ ನಂಬಿಕಿ ಇಲ್ಲ."

"ಅಲ್ರೀ, ನಿಮ್ಮನ್ನ ಆರಿಸಿದಾವ ನಾನ!"

ಬೈಯಲು ಬಾಯಿ ತೆರೆದೆ. ನಗು ಬಂತು.