ಕಲ್ಲುತಲೆಯ ನೆರಳಲ್ಲಿ ಒಂದು ಕ್ಯಾಸೆಟ್

"ಟೀಚರ್... ನೀವಾ?"

ಗ್ರೆಟ್ಟಾಳ ಕಾಲು ನಿಂತಲ್ಲೇ ನಿಂತಿತು. ಎರಡು ವರ್ಷದಿಂದ ಮರೆಯಲು ಒದ್ದಾಡಿದ ದನಿ ಅದು!

ಮಸ್ಕತ್ತಿನ ಅಲ್ ಖೌದ್ ಆಚೆ, ಬೆಟ್ಟದ ಬುಡದಲ್ಲಿ ಅಬ್ದುಲ್ಲಾ ಎಂಬ ಶ್ರೀಮಂತರು ಕಟ್ಟಿಸಿದ ಬಯಲು ವಸ್ತುಸಂಗ್ರಹಾಲಯ. ಮೆಕ್ಸಿಕೋದ ಓಲ್ಮೆಕ್ ಜನ ಮೂರು ಸಾವಿರ ವರ್ಷದ ಹಿಂದೆ ಕೆತ್ತಿದ ದೈತ್ಯ ಕಲ್ಲುತಲೆಗಳ ಸಿಮೆಂಟ್ ನಕಲುಗಳು, ಅವುಗಳ ನಡುವೆ ಅಡ್ಡಾಡುವ ಜಿಂಕೆಗಳು. ಗ್ರೆಟ್ಟಾ ನಾಲ್ಕನೇ ಕ್ಲಾಸಿನ ಮಕ್ಕಳನ್ನು ಕರೆತಂದಿದ್ದಳು. ಆ ತಲೆಗಳನ್ನು ಎರಕ ಹೊಯ್ದವನು ಘಾಲಾದ ವರ್ಕ್‌ಶಾಪಿನ ಸೇಸಪ್ಪ ಎಂದು ಅವಳಿಗೇನು ಗೊತ್ತು? ಅವನೀಗ ಒಂದು ತಲೆಯ ಬಿರುಕಿಗೆ ಸಿಮೆಂಟ್ ಮೆತ್ತುತ್ತಿದ್ದ.

"ಮಿಸ್, ವೈ ಈಸ್ ಹಿ ಆಂಗ್ರಿ?" ಹುಡುಗಿಯೊಬ್ಬಳು ಕಲ್ಲುತಲೆ ತೋರಿಸಿದಳು.

"ಯಾರೋ ಹೇಳದೆ ಕೇಳದೆ ಬಿಟ್ಟು ಹೋಗಿರಬೇಕು," ಎಂದಳು ಗ್ರೆಟ್ಟಾ, ಸೇಸಪ್ಪನನ್ನೇ ನೋಡುತ್ತ.

ಮಕ್ಕಳು ಇನ್ನೊಬ್ಬ ಟೀಚರ್ ಹಿಂದೆ ಜಿಂಕೆ ನೋಡಲು ಓಡಿದರು.

"ನಾನು ಸುಮ್ಮನೆ ಹೋದದ್ದಲ್ಲ," ಎಂದ ಸೇಸಪ್ಪ. "ನೀವು ಕ್ಯಾಸೆಟ್ ವಾಪಸ್ ಕೊಟ್ಟಿರಿ. ಅಲ್ಲಿಗೆ ಖಲಾಸ್ ಅಂತ ಗೊತ್ತಾಯ್ತು."

"ಎಂತ ಹೇಳ್ತೀರಿ? ಅದು ನಿಮ್ಮ ಅಮ್ಮನಿಗೆ ಕಳಿಸಿದ್ದಲ್ವಾ?"

"ಅಮ್ಮನಿಗಾ...?"

ಆಗ ಗಲ್ಫಿನಿಂದ ರಜೆಗೆ ಹೊರಟವರ ಪೆಟ್ಟಿಗೆಯಲ್ಲಿ ಹತ್ತು ಮನೆಯ ಕ್ಯಾಸೆಟ್ ಇರುತ್ತಿತ್ತು. ಮಾತು ತುಂಬಿಸಿ ಕಳಿಸುವುದು, ಅದರಲ್ಲೇ ಉತ್ತರ ತುಂಬಿಸಿ ತರಿಸುವುದು. ಈ ಪುಣ್ಯಾತ್ಮ "ಊರಿಗೆ ಹೋಗುವಾಗ ಇದನ್ನು ತಕ್ಕೊಂಡು ಹೋಗಿ" ಎಂದಷ್ಟೇ ಹೇಳಿ ನಾಚಿ ಓಡಿದ್ದ. ಗ್ರೆಟ್ಟಾ ಅವನ ರೂಮಿನ ವಾಲ್ಟರ್ ಹತ್ತಿರ ವಿಳಾಸ ಕೇಳಿ, ಕಾರ್ಕಳದಾಚೆ ಅವನ ತಾಯಿ ಸುಂದರಿಯ ಕೈಗೆ ಒಪ್ಪಿಸಿದ್ದಳು. ವಾರ ಕಳೆದು ಸುಂದರಿ ಅದರಲ್ಲೇ ಉತ್ತರ ತುಂಬಿಸಿ ಮರಳಿ ಕೊಟ್ಟರು. ಮಸ್ಕತ್ತಿಗೆ ಬಂದು ಅವಳು ವಾಲ್ಟರ್ ಕೈಗೆ ಕೊಟ್ಟಳು. "ಗ್ರೆಟ್ಟಾ ಟೀಚರ್ ನಿನ್ನ ಕ್ಯಾಸೆಟ್ ವಾಪಸ್ ಕೊಟ್ಟಿದ್ದಾರೆ" ಎಂದ ವಾಲ್ಟರ್. ಅಷ್ಟೇ ನಡೆದದ್ದು.

"ಅದು ನಿಮಗೆ ಅಂತ ತುಂಬಿಸಿದ್ದು, ಟೀಚರ್."

ದೇವರೇ... ನನ್ನ ಕೈಯಾರೆ ನಾನೇ ಕೊಟ್ಟು ಬಂದೆನಾ?

"ಅಮ್ಮ ಅದರಲ್ಲಿ ಎಂತ ಹೇಳಿದ್ದರು?" ಎಂದಳು.

"ನಾನು ಅದನ್ನು ಹಾಕಲೇ ಇಲ್ಲ. ಅಮ್ಮನೂ ಆ ಮಳೆಗಾಲದಲ್ಲೇ ತೀರಿಹೋದರು."

ಕ್ಯಾಸೆಟ್ ಅವನ ಪಿಕಪ್ಪಿನಲ್ಲೇ ಬಿದ್ದಿತ್ತು. ಇಬ್ಬರೂ ಹೋಗಿ ಅದರಲ್ಲಿ ಕೂತರು. ಸಿಮೆಂಟ್ ಮೆತ್ತಿದ ಕೈಯಲ್ಲಿ ಅದರ ಇನ್ನೊಂದು ಬದಿ ತಿರುಗಿಸಿ ಪ್ಲೇಯರಿಗೆ ಹಾಕಿದ. ತುಳುವಿನಲ್ಲಿ ಸುಂದರಿಯ ದನಿ ಬಂತು.

"ಮಗಾ, ಇದು ನನಗೆ ಹೇಳಿದ್ದಲ್ಲ ಅಂತ ಗೊತ್ತಾಯ್ತು. ಪಾಪ, ಹುಡುಗಿಗೆ ಗೊತ್ತಿಲ್ಲ. ಮೂರು ಬಸ್ಸು ಹತ್ತಿ ಇಳಿದು ಬಂದಿದ್ದಾಳೆ. ಬೇರೆ ಮತದವಳು ಅನ್ನುವ ಊರವರ ಬಾಯಿಗೆ ನಾನು ಉತ್ತರ ಕೊಡ್ತೇನೆ. ನೀನು ಅವಳ ಎದುರು ನಿಂತು ಬಾಯಿ ಬಿಟ್ಟು ಕೇಳು. ಕ್ಯಾಸೆಟ್ಟು ಗೀಸೆಟ್ಟು ಬೇಡ."

ಸೇಸಪ್ಪ ಸ್ಟೇರಿಂಗಿಗೆ ತಲೆಯಿಟ್ಟು ಅತ್ತ. ಗ್ರೆಟ್ಟಾ ಅವನ ಭುಜ ಮುಟ್ಟಲು ಕೈ ಚಾಚಿದಳು. ಬೆರಳಲ್ಲಿ ಉಂಗುರವಿತ್ತು. ಕೈ ಹಿಂದೆಗೆದಳು.

"ನಾಳೆ ಊರಿಗೆ ಹೊರಡ್ತೇನೆ. ಬರುವ ಸೋಮವಾರ ಮದುವೆ. ಬಾಸಿಲ್ ಅಂತ, ಒಳ್ಳೆಯವರು."

"ಈಗ ಬೇಡ ಅನ್ನಲಿಕ್ಕೆ..."

"ಇಗರ್ಜಿಯಲ್ಲಿ ಮೂರು ಸಲ ನಮ್ಮ ಹೆಸರು ಓದಿ ಆಯ್ತು. ಈ ಮದುವೆಗೆ ಯಾರದ್ದಾದರೂ ಆಕ್ಷೇಪ ಉಂಟಾ ಅಂತ ಪಾದ್ರಿ ಕೇಳಿದರು. ಯಾರೂ ಇಲ್ಲ ಅಂದುಕೊಂಡು ನಾನೂ ಒಪ್ಪಿದೆ. ಈಗ ಆ ಮನುಷ್ಯನಿಗೆ ಹೇಗೆ ಮೋಸ ಮಾಡಲಿ?"

ಬಸ್ಸಿನ ಹಾರ್ನ್ ಕೇಳಿತು. ಮಕ್ಕಳು ಸಾಲಾಗಿ ಹತ್ತುತ್ತಿದ್ದರು.

"ಒಂದೇ ಮಾತು ಹೇಳಿ," ಎಂದ ಸೇಸಪ್ಪ. "ಅವತ್ತು ಎದುರು ನಿಂತು ಕೇಳಿದ್ದರೆ?"

"ನೀವು ಕೇಳಿ ಮುಗಿಸುವ ಮೊದಲೇ ಹೂಂ ಅಂತಿದ್ದೆ."

ಅವಳು ಕ್ಯಾಸೆಟ್ ಹೊರತೆಗೆದು ಅಂಗೈಯಲ್ಲಿ ಹಿಡಿದಳು.

"ನಿಮ್ಮ ಮಾತಿನ್ನೂ ಕೇಳಿಲ್ಲ. ಇದನ್ನು ನಾನು ತಕ್ಕೊಂಡು ಹೋಗಲಾ?"

"ತಕ್ಕೊಳ್ಳಿ, ಗ್ರೆಟ್ಟಾ," ಎಂದ. ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನಿಮಗೇ ಕೊಟ್ಟದ್ದಲ್ವಾ."